ಆರು ತಂತಿಯ ಆಸೆ, ನಾಲ್ಕು ತಂತಿಯ ಅಗತ್ಯ: ಬೇಸ್ ಗಿಟಾರನ್ನು ಯಾರಿಂದ ಮಾಡಿಸಬೇಕು?

ಪ್ರಶ್ನೆ: ನಾನು ಬೆಂಗಳೂರಿನವನು. ಹದಿನಾರು ವರ್ಷಗಳಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಮೊದಲು ರಾಕ್ ತಂಡದಲ್ಲಿದ್ದೆ. ಐದು ವರ್ಷಗಳಿಂದ ಕರ್ನಾಟಕ ಸಂಗೀತದ ಗಾಯಕಿ ಮತ್ತು ಪಿಟೀಲು ವಾದಕರಿರುವ ಫ್ಯೂಷನ್ ತಂಡದಲ್ಲಿದ್ದೇನೆ. ಗಾಯಕಿಯ ಶ್ರುತಿ ಬಿಳಿ ಐದು, ಅಂದರೆ ಹಾರ್ಮೋನಿಯಮ್ಮಿನ ಐದನೆಯ ಬಿಳಿ ಮನೆ. ವಿದೇಶದ ಒಳ್ಳೆಯ ತಯಾರಕರಿಂದ ಆರು ತಂತಿಯ ವಾದ್ಯವೊಂದನ್ನು ಮಾಡಿಸಿಕೊಳ್ಳಬೇಕೆಂದು ಹತ್ತು ವರ್ಷಗಳಿಂದ ಹಣ ಕೂಡಿಟ್ಟಿದ್ದೇನೆ. ಈಗ ಹಣವಿದೆ, ಆದರೆ ಮೊದಲಿನ ಆಸೆ ಇಲ್ಲ. ನಾನು ಮೆಚ್ಚುವ ವಾದಕರಲ್ಲಿ ಹಲವರು ಸಾದಾ ನಾಲ್ಕು ತಂತಿಗೆ ಮರಳಿದ್ದಾರೆ. ಇದು ಬರೀ ಫ್ಯಾಷನ್ನೇ? ರುಚಿ ಹೀಗೆ ಬದಲಾಗುತ್ತಲೇ ಇರುವುದಾದರೆ ತಯಾರಕರನ್ನು ಆರಿಸುವುದು ಹೇಗೆ?

ಉತ್ತರ: ಫ್ಯಾಷನ್ನಿನ ಪಾಲು ಇದ್ದೇ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೇಸ್ ವಾದಕರ ರುಚಿ ಬದಲಾಯಿತು ಎಂದು ನಾವು ಹೇಳುವ ಬಹುಪಾಲು ಸಂದರ್ಭಗಳಲ್ಲಿ ನಿಜವಾಗಿ ಬದಲಾಗಿರುವುದು ಅವರು ಮಾಡುವ ಕೆಲಸ. ತಂಡದಲ್ಲಿ ಯಾರಿದ್ದಾರೆ, ಯಾವ ವಾದ್ಯ ಎಷ್ಟು ಜಾಗ ಹಿಡಿದಿದೆ, ವೇದಿಕೆಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಎಂಬಂಥ ಸಂಗತಿಗಳು ಮೊದಲು ಬದಲಾಗುತ್ತವೆ, ಕಿವಿ ಆಮೇಲೆ ಅವನ್ನು ಹಿಂಬಾಲಿಸುತ್ತದೆ. ಹೆಸರು ಮಾಡಿದ ತಯಾರಕರಲ್ಲಿ ಹೆಚ್ಚಿನವರು ಒಬ್ಬ ವಾದಕನ ಒಂದು ನಿರ್ದಿಷ್ಟ ತೊಡಕಿಗೆ ಉತ್ತರ ಹುಡುಕುತ್ತ ಬೆಳೆದವರು. ಅವರ ವಾದ್ಯವನ್ನು ಕೊಳ್ಳುವಾಗ ಆ ತೊಡಕು ನಿಮ್ಮದೂ ಹೌದೇ ಎಂದು ಕೇಳಿಕೊಳ್ಳದಿದ್ದರೆ ಬೇರೆಯವರ ಅಳತೆಗೆ ಹೊಲಿದ ಅಂಗಿಯನ್ನು ದುಬಾರಿ ಬೆಲೆಗೆ ತಂದಂತಾಗುತ್ತದೆ.

ಗೆಡ್ಡಿ ಲೀ ಅವರ ಉದಾಹರಣೆಯನ್ನು ನೋಡಿ. ರಶ್ ತಂಡದ ಈ ವಾದಕ 1970ರ ದಶಕದಲ್ಲಿ ರಿಕನ್‌ಬ್ಯಾಕರ್ ನುಡಿಸಿದರು, 1984ರ ಸುಮಾರಿಗೆ ತಲೆಯಿಲ್ಲದ ಸ್ಟೈನ್‌ಬರ್ಗರ್ ಹಿಡಿದರು, 1985ರ ಹೊತ್ತಿಗೆ ಇಂಗ್ಲೆಂಡಿನ ವಾಲ್ ವಾದ್ಯಕ್ಕೆ ಬಂದರು. ಕಡೆಗೆ 1993ರ ಹೊತ್ತಿಗೆ ಅವರ ಮುಖ್ಯ ವಾದ್ಯವಾದದ್ದು ಹಿಂದೆಂದೋ ಅಮೆರಿಕದ ಕಲಮಜೂ ಊರಿನ ಗಿರವಿ ಅಂಗಡಿಯಲ್ಲಿ 200 ಡಾಲರಿಗೆ ಕೊಂಡಿದ್ದ 1972ರ ಫೆಂಡರ್ ಜಾಝ್ ಬೇಸ್. ಮೇಲ್ನೋಟಕ್ಕೆ ಇದು ಚಂಚಲ ಮನಸ್ಸಿನಂತೆ ಕಾಣುತ್ತದೆ. ಆದರೆ ಆ ತಂಡದ ಸಂಗೀತವನ್ನು ಜೊತೆಗಿಟ್ಟು ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. 1980ರ ದಶಕದಲ್ಲಿ ಅವರ ಧ್ವನಿಯನ್ನು ಸಿಂಥಸೈಜರ್ ತುಂಬಿಕೊಂಡಿತ್ತು. ಆ ದಟ್ಟಣೆಯ ನಡುವೆ ಬೇಸ್ ಕೇಳಿಸಬೇಕಾದರೆ ಮಧ್ಯದ ಕಂಪನಗಳು ಸ್ಪಷ್ಟವಾಗಿ ಹೊಮ್ಮಬೇಕಿತ್ತು, ಮತ್ತು ಪ್ರತಿ ಪಿಕಪ್ಪಿಗೂ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ತನ್ನದೇ ಫಿಲ್ಟರ್ ಇರುವ ವಾಲ್ ವಾದ್ಯ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. 90ರ ದಶಕದಲ್ಲಿ ಗಿಟಾರ್ ಮತ್ತೆ ಮುಂದಕ್ಕೆ ಬಂದು ಸಿಂಥಸೈಜರ್ ಹಿಂದೆ ಸರಿದ ಮೇಲೆ ಅಷ್ಟು ಚೂಪಾದ ಧ್ವನಿಯ ಅಗತ್ಯ ಉಳಿಯಲಿಲ್ಲ, ಗಿಟಾರಿನ ಕೆಳಗೆ ಒರಟಾಗಿ ಗುರುಗುಟ್ಟುವ ಧ್ವನಿ ಬೇಕಾಯಿತು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಪಿನೋ ಪಲ್ಲಡಿನೋ ಅವರದು ಇನ್ನೊಂದು ದಾರಿ. 1980ರ ದಶಕದಲ್ಲಿ ಅವರ ಗುರುತೇ ಫ್ರೆಟ್ (ವೀಣೆಯ ಮೆಟ್ಟಿಲಿನಂಥ ಲೋಹದ ಪಟ್ಟಿ) ಇಲ್ಲದ ಮ್ಯೂಸಿಕ್‌ಮ್ಯಾನ್ ಸ್ಟಿಂಗ್‌ರೇ. ಜಾರುತ್ತ, ಹಾಡುತ್ತ ಗಾಯಕನಿಗೆ ಸರಿಸಾಟಿಯಾಗಿ ನಿಲ್ಲುತ್ತಿದ್ದ ಆ ಧ್ವನಿಯನ್ನು ಅನುಕರಿಸದ ಸ್ಟುಡಿಯೋ ವಾದಕರು ಆ ಕಾಲದಲ್ಲಿ ಕಡಿಮೆ. 2000ದ ಸುಮಾರಿಗೆ ಅಮೆರಿಕದ ಸೋಲ್ ಗಾಯಕ ಡಿಏಂಜೆಲೋ ಜೊತೆ ನುಡಿಸುವಾಗ ಅವರು ಹಿಡಿದದ್ದು ಹೊರಮೈ ನುಣುಪಾದ ಫ್ಲಾಟ್‌ವೂಂಡ್ ತಂತಿ ಹಾಕಿದ ಹಳೆಯ ಮಾದರಿಯ ಪ್ರಿಸಿಷನ್ ಬೇಸ್. ತಾಳದ ಹಿಂದೆ ತುಸು ತಡೆದು ನಿಂತು ನುಡಿಸುವ ಆ ಶೈಲಿಗೆ ನಾದ ಉದ್ದವಾಗಿ ಉಳಿಯುವುದೇ ತೊಂದರೆ, ಅಲ್ಲಿ ಬೇಕಾದದ್ದು ಮೊಟಕಾದ, ಮಂದ್ರದ ಗುದ್ದು. ನಿಮ್ಮ ಮೆಚ್ಚಿನ ವಾದಕರು ನಾಲ್ಕು ತಂತಿಗೆ ಮರಳಿದ್ದರ ಹಿಂದೆ ಈ ಎರಡನೆಯ ಪಲ್ಲಡಿನೋ ಅವರ ನೆರಳಿದೆ ಎಂದು ಹೇಳಿದರೆ ತಪ್ಪಾಗಲಾರದು. ಆದರೆ ಪಲ್ಲಡಿನೋ ಹಳೆಯ ಮಾದರಿಗೆ ಮರಳಿದ್ದು ತಮ್ಮ ಕೆಲಸಕ್ಕಾಗಿ. ಅವರನ್ನು ನೋಡಿ ಮರಳುವವರ ವಿಷಯದಲ್ಲಿ ಮಾತ್ರ ನಿಮ್ಮ ‘ಫ್ಯಾಷನ್’ ಎಂಬ ಮಾತು ಸಲ್ಲುತ್ತದೆ.

ಇನ್ನು ತಯಾರಕರ ವಿಚಾರ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸನ್ನೂ 1960ರಲ್ಲಿ ಜಾಝ್ ಬೇಸನ್ನೂ ಮಾರುಕಟ್ಟೆಗೆ ತಂದ ಮೇಲೆ ಬಂದ ಬೇಸ್ ತಯಾರಕರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಆ ಎರಡು ವಾದ್ಯಗಳ ಜೊತೆ ವಾದಕ್ಕಿಳಿದವರೇ. ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಗ್ರೇಟ್‌ಫುಲ್ ಡೆಡ್ ತಂಡದ ಸುತ್ತ ಹುಟ್ಟಿಕೊಂಡ ಅಲೆಂಬಿಕ್ ಸಂಸ್ಥೆಯ ಮುಂದಿದ್ದ ತೊಡಕು ದೊಡ್ಡ ಮೈದಾನಗಳಲ್ಲಿ ಬೇಸ್ ಮುದ್ದೆಯಾಗಿ ಕೇಳಿಸುತ್ತಿದ್ದುದು. ಅದಕ್ಕೆ ಅವರು ಕೊಟ್ಟ ಉತ್ತರವೆಂದರೆ ಹಲವು ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ, ಬಾಡಿಯ ಉದ್ದಕ್ಕೂ ಹಾಯುವ ನೆಕ್ (ಎಡಗೈ ಹಿಡಿಯುವ ಉದ್ದನೆಯ ಭಾಗ) ಮತ್ತು ವಾದ್ಯದೊಳಗೇ ಕೂರಿಸಿದ ಪ್ರೀಆಂಪ್, ಅಂದರೆ ಪಿಕಪ್ಪಿನ ಸಂಕೇತವನ್ನು ಹಿಗ್ಗಿಸಿ ತಿದ್ದುವ ಸಲಕರಣೆ. ಸ್ಟ್ಯಾನ್ಲಿ ಕ್ಲಾರ್ಕ್ ಅಲೆಂಬಿಕ್ ಹಿಡಿದು ಬೇಸನ್ನು ಮುಂದಿನ ಸಾಲಿಗೆ ತಂದ ಮೇಲೆ ಒಂದಿಡೀ ದಶಕ ವಾದಕರು ಉದ್ದನೆಯ ನಾದ, ಹಿತ್ತಾಳೆಯ ಭಾಗಗಳು, ಬಣ್ಣಬಣ್ಣದ ಮರಗಳನ್ನು ಬಯಸಿದರು. ವಾದ್ಯಗಳ ತೂಕವೂ ಅದಕ್ಕೆ ತಕ್ಕಂತೆ ಏರಿತು. ಕ್ಲಾರ್ಕ್ ಅವರದು ಸಾಮಾನ್ಯವಾದ 34 ಇಂಚಿನ ಅಳತೆಗಿಂತ (ಮಿಡಿಯುವ ತಂತಿಯ ಉದ್ದಕ್ಕೆ ಹೀಗೆನ್ನುತ್ತಾರೆ) ಗಿಡ್ಡನೆಯ ವಾದ್ಯ ಎಂಬುದನ್ನು ಅವರ ಬಹಳಷ್ಟು ಅನುಯಾಯಿಗಳು ಗಮನಿಸಲೇ ಇಲ್ಲ. ಅವರ ವೇಗಕ್ಕೆ ಮರಗಳಿಗಿಂತ ಆ ಅಳತೆಯ ಕೊಡುಗೆಯೇ ಹೆಚ್ಚೆಂದು ನನ್ನ ಎಣಿಕೆ.

ನೀವು ಆಸೆಪಟ್ಟ ಆರು ತಂತಿಯ ಮೂಲ ಅಮೆರಿಕದ ಬೇಸ್ ವಾದಕ ಆಂಥನಿ ಜ್ಯಾಕ್ಸನ್ ಅವರಲ್ಲಿದೆ. ಬೇಸ್ ಎಂಬುದು ಗಿಟಾರ್ ಕುಟುಂಬದ ವಾದ್ಯವಾಗಿರುವಾಗ ಅದಕ್ಕೂ ಆರು ತಂತಿ ಇರಬೇಕಾದದ್ದು ಸಹಜ ಎಂಬುದು ಅವರ ನಿಲುವು. 1975ರಲ್ಲಿ ಕಾರ್ಲ್ ಥಾಂಪ್ಸನ್ ಅವರಿಂದ ಮೊದಲ ವಾದ್ಯ ಮಾಡಿಸಿದರು, ಅದು ಹಿಡಿಸದೆ ಕೆನ್ ಸ್ಮಿತ್ ಬಳಿಗೆ ಹೋದರು, ಕೊನೆಗೆ ಬ್ರೂಕ್ಲಿನ್‌ನಲ್ಲಿ 1983ರಲ್ಲಿ ಆರಂಭವಾದ ಫೊಡೆರಾ ಕಾರ್ಯಾಗಾರದ ಜೊತೆ ವರ್ಷಗಟ್ಟಲೆ ಕೂತು ಒಂದೊಂದೇ ಅಂಶವನ್ನು ತಿದ್ದಿಸಿದರು. ತಂತಿಗಳ ನಡುವಿನ ಅಂತರ ಅಗಲವಾಯಿತು, ಅಳತೆ 36 ಇಂಚಿಗೆ ಏರಿತು. ಇದರಲ್ಲಿ ನನಗೆ ಅತ್ಯಂತ ಕುತೂಹಲದ ಸಂಗತಿಯೆಂದರೆ ಅವರ ವಾದ್ಯದಲ್ಲಿ ಕಡೆಗೆ ವಾಲ್ಯೂಮ್ ಗುಂಡಿಯೂ ಉಳಿಯಲಿಲ್ಲ, ಟೋನ್ ಗುಂಡಿಯೂ ಉಳಿಯಲಿಲ್ಲ. ಒಂದೇ ಒಂದು ಪಿಕಪ್, ಅಲ್ಲಿಂದ ನೇರವಾಗಿ ಜ್ಯಾಕಿಗೆ ತಂತಿ. ಜಗತ್ತಿನಲ್ಲಿ ಅತ್ಯಂತ ಹಟದಿಂದ ವಾದ್ಯ ಮಾಡಿಸಿಕೊಂಡ ವಾದಕರಲ್ಲಿ ಒಬ್ಬರಾದ ಅವರು ಸೇರಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು. ಅದೇ ಕಾರ್ಯಾಗಾರಕ್ಕೆ ಆರ್ಡರ್ ಕೊಟ್ಟು ಗುಂಡಿ, ಸ್ವಿಚ್ಚು, ಅಲಂಕಾರಗಳನ್ನೆಲ್ಲ ತುಂಬಿಸಿಕೊಳ್ಳುವವರಿಗೆ ಈ ಕಥೆಯನ್ನು ಯಾರಾದರೂ ಹೇಳಬೇಕು.

ರಾಜರ್ ಸಡೌಸ್ಕಿ ಅವರ ಹಾದಿ ಇದಕ್ಕೆ ತೀರ ಭಿನ್ನ. 1979ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದ ಅವರ ಬಳಿಗೆ ಬರುತ್ತಿದ್ದವರು ದಿನಕ್ಕೆ ಎರಡು ಮೂರು ಸ್ಟುಡಿಯೋಗಳಿಗೆ ಹೋಗಬೇಕಾದ ವಾದಕರು. ಅವರಿಗೆ ಹೊಸ ಧ್ವನಿ ಬೇಕಿರಲಿಲ್ಲ, ಹಳೆಯ ಜಾಝ್ ಬೇಸಿನ ಧ್ವನಿಯೇ ಗದ್ದಲವಿಲ್ಲದೆ, ಎಲ್ಲೆಡೆ ಒಂದೇ ಸಮನಾಗಿ ಬರಬೇಕಿತ್ತು. ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬೇಸಿಗೆ ಸಡೌಸ್ಕಿ ಪ್ರೀಆಂಪ್ ಕೂರಿಸಿ ತಿದ್ದಿದ್ದು ಆ ಕಾಲದ ಹೆಬ್ಬೆರಳ ಬಡಿತದ ಶೈಲಿಯ ಗುರುತಾಯಿತು. ಮುಂದೆ ಅವರು ತಮ್ಮದೇ ವಾದ್ಯ ಕಟ್ಟತೊಡಗಿದಾಗಲೂ ರೂಪ ಫೆಂಡರಿನದೇ ಆಗಿತ್ತು, ಭಾರ ಮಾತ್ರ ಕಡಿಮೆಯಾಗಿತ್ತು. ಕೆನಡಾದ ಸಸ್ಕಟೂನ್‌ನಲ್ಲಿ ಶೆಲ್ಡನ್ ಡಿಂಗ್‌ವಾಲ್ ಹಿಡಿದದ್ದು ಐದನೆಯ ತಂತಿಯ ತೊಡಕನ್ನು. 34 ಇಂಚಿನ ವಾದ್ಯದಲ್ಲಿ ಆ ಕೆಳಗಿನ ತಂತಿ ಸಡಿಲವಾಗಿ, ಮಸುಕಾಗಿ ಕೇಳುತ್ತದೆ. ಪಿಯಾನೋದೊಳಗೆ ಇಣುಕಿದವರಿಗೆ ಮಂದ್ರದ ತಂತಿಗಳು ಉದ್ದವಾಗಿಯೂ ತಾರದವು ಗಿಡ್ಡವಾಗಿಯೂ ಇರುವುದು ಗೊತ್ತು. ಡಿಂಗ್‌ವಾಲ್ ಅದೇ ತತ್ವವನ್ನು ಬಳಸಿ ಕೆಳಗಿನ ತಂತಿಗೆ 37 ಇಂಚು, ಮೇಲಿನದಕ್ಕೆ 34 ಇಂಚು ಅಳತೆ ಕೊಟ್ಟು ಫ್ರೆಟ್ಟುಗಳನ್ನು ಬೀಸಣಿಗೆಯಂತೆ ಓರೆಯಾಗಿ ಕೂರಿಸಿದರು. ಶ್ರುತಿ ಇಳಿಸಿ ನುಡಿಸುವ ಇಂದಿನ ಮೆಟಲ್ ತಂಡಗಳು ಅವರತ್ತ ಹರಿದು ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ನನ್ನದೇ ಅನುಭವವನ್ನೂ ಹೇಳಿಬಿಡುತ್ತೇನೆ. ಬಹಳ ಹಿಂದೆ, ಜ್ಯಾಝ್ ಹುಚ್ಚು ಹತ್ತಿದ್ದ ಕಾಲದಲ್ಲಿ, ನಾನೂ ವಿದೇಶದ ಒಬ್ಬ ತಯಾರಕರಿಗೆ ಆರು ತಂತಿಯ ವಾದ್ಯಕ್ಕೆ ಮುಂಗಡ ಕೊಟ್ಟೆ. ಕೇಳಿದ್ದಕ್ಕೆಲ್ಲ ಅವರು ‘ಆಗಲಿ’ ಎಂದರು, ಆಗ ಅದು ನನಗೆ ದೊಡ್ಡ ಗುಣವಾಗಿ ಕಂಡಿತ್ತು. ಎರಡು ವರ್ಷಕ್ಕೂ ಹೆಚ್ಚು ಕಾದ ಮೇಲೆ ವಾದ್ಯ ಬಂತು. ಸುಂಕ ಕಟ್ಟಿ ಬಿಡಿಸಿಕೊಂಡು ಪೆಟ್ಟಿಗೆ ತೆರೆದರೆ ಕಣ್ಣಿಗೆ ಹಬ್ಬ, ಹೆಗಲಿಗೆ ಶಿಕ್ಷೆ. ಅದು ಐದು ಕಿಲೋ ದಾಟಿತ್ತು. ಅಷ್ಟರಲ್ಲಿ ಜ್ಯಾಝ್ ನುಡಿಸುತ್ತಿದ್ದ ಗೆಳೆಯರು ಚದುರಿ ಹೋಗಿದ್ದರು, ನಾನು ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ ನುಡಿಸುತ್ತಿದ್ದೆ, ಮತ್ತು ಅಲ್ಲಿ ಮೇಲಿನ ಆರನೆಯ ತಂತಿಯನ್ನು ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ. ಕೊಟ್ಟದ್ದರ ಅರ್ಧ ಬೆಲೆಗೆ ಅದನ್ನು ಮಾರಿದೆ. ತಯಾರಕರದು ಅದರಲ್ಲಿ ತಪ್ಪಿರಲಿಲ್ಲ, ಆರ್ಡರ್ ಕೊಟ್ಟ ಮನುಷ್ಯನೂ ವಾದ್ಯ ಪಡೆದ ಮನುಷ್ಯನೂ ಬೇರೆಬೇರೆಯಾಗಿದ್ದರು, ಅಷ್ಟೇ.

ಅಂದಿನಿಂದ ನಾನು ರುಚಿಯನ್ನು ಬಿಡಿಸಿ ನೋಡುವುದನ್ನು ಕಲಿತೆ. ಕಣ್ಣಿನ ರುಚಿ ಎಲ್ಲಕ್ಕಿಂತ ಬೇಗ ಬದಲಾಗುತ್ತದೆ, ಅದಕ್ಕೆ ಹೆಚ್ಚು ಹಣ ಸುರಿಯಬೇಡಿ. ಕಿವಿಯ ರುಚಿ ತಂಡದೊಂದಿಗೆ ಬದಲಾಗುತ್ತದೆ, ಮತ್ತು ಅದರಲ್ಲಿ ಬಹುಪಾಲನ್ನು ತಂತಿ, ಪಿಕಪ್, ಪ್ರೀಆಂಪ್ ಬದಲಿಸಿ ಸರಿದೂಗಿಸಬಹುದು. ಕೈಯ ರುಚಿ ಮಾತ್ರ ಹೆಚ್ಚಾಗಿ ಜೀವಮಾನವಿಡೀ ಉಳಿಯುತ್ತದೆ. ಜಾಝ್ ಬೇಸಿನ ನೆಕ್ಕಿನ ಅಗಲ ನಟ್ಟಿನ (ಬಿರಡೆಗಳ ಬಳಿ ತಂತಿಗಳನ್ನು ಹಿಡಿಯುವ ಪಟ್ಟಿ) ಬಳಿ ಸುಮಾರು 38 ಮಿಲಿಮೀಟರ್, ಪ್ರಿಸಿಷನ್ನಿನದು ಹೆಚ್ಚಾಗಿ 41ರಿಂದ 44 ಮಿಲಿಮೀಟರ್. ಈ ಕೆಲವೇ ಮಿಲಿಮೀಟರುಗಳ ವ್ಯತ್ಯಾಸದಲ್ಲಿ ಒಂದಕ್ಕೆ ಒಗ್ಗಿದ ಕೈ ಇನ್ನೊಂದಕ್ಕೆ ಪೂರ್ತಿ ಒಗ್ಗುವುದು ಅಪರೂಪ. ಮೈಕೆಲ್ ಟೊಬೈಯಸ್ ಅವರಂಥ ತಯಾರಕರು ಎರಡು ಬದಿಯೂ ಒಂದೇ ಸಮನಾಗಿರದ, ಅಂಗೈಯ ಮಡಿಕೆಗೆ ಹೊಂದುವ ನೆಕ್ಕಿಗೇ ಹೆಸರಾದದ್ದು ಈ ಕಾರಣಕ್ಕೆ. ಹೆಗಲು, ಸೊಂಟಗಳ ಮಾತಂತೂ ವಯಸ್ಸಾದಂತೆ ಜೋರಾಗುತ್ತ ಹೋಗುತ್ತದೆ. ನಲವತ್ತು ದಾಟಿದ ವಾದಕರು ‘ಸರಳತೆಗೆ ಮರಳಿದೆ’ ಎಂದಾಗ ಅದರಲ್ಲಿ ಒಂದು ಪಾಲು ಬೆನ್ನುನೋವು ಎಂದು ತಿಳಿಯಬೇಕು. ತಯಾರಕರಿಗೆ ಬರೆಯುವಾಗ ಮರದ ಹೆಸರಿಗಿಂತ ಮೊದಲು ತೂಕದ ಮಿತಿಯನ್ನು ಬರೆಯಿರಿ. ನಾಲ್ಕು ಕಿಲೋ ಮೀರಬಾರದು ಎಂದರೆ ಯಾವ ಮರ ಬೇಕು, ಬಾಡಿಯನ್ನು ಎಷ್ಟು ಟೊಳ್ಳು ಮಾಡಬೇಕು ಎಂಬುದನ್ನು ಬಲ್ಲವರು ಅವರೇ ನಿರ್ಧರಿಸುತ್ತಾರೆ.

ಮರದ ಮಾತು ಬಂತು. ನಮ್ಮ ಮಲೆನಾಡು, ಕೊಡಗುಗಳಲ್ಲಿ ಬೆಳೆಯುವ ಬೀಟೆ ಮರವೇ ಜಗತ್ತಿನ ಎಷ್ಟೋ ಬೇಸ್ ಗಿಟಾರುಗಳ ಫಿಂಗರ್‌ಬೋರ್ಡ್ ಆಗಿರುವ ಮರ. ಅಳಿವಿನಂಚಿನ ಜೀವಿಗಳ ವ್ಯಾಪಾರದ ಕುರಿತ ಸೈಟಿಸ್ ಒಪ್ಪಂದದಡಿ 2017ರ ಜನವರಿ 2ರಿಂದ ಬೀಟೆಯ ಇಡೀ ಕುಲ ನಿಯಂತ್ರಣಕ್ಕೆ ಬಂದಾಗ ಗಡಿ ದಾಟಿ ಮಾರಾಟವಾಗುವ, ಆ ಮರವಿರುವ ವಾದ್ಯಗಳಿಗೆ ಕಾಗದಪತ್ರ ಬೇಕಾಗಿ ತಯಾರಕರು ಪರದಾಡಿದರು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆ ಮೂರು ವರ್ಷಗಳಲ್ಲಿ ಪೌ ಫೆರೋ, ಹುರಿದ ಮೇಪಲ್ ಮುಂತಾದವು ಫಿಂಗರ್‌ಬೋರ್ಡಿನ ಜಾಗಕ್ಕೆ ಬಂದವು. ಬೀಟೆಯಿಲ್ಲದೆ ಬೇಸ್ ಇಲ್ಲ ಎನ್ನುತ್ತಿದ್ದವರಲ್ಲಿ ಅನೇಕರು ಸದ್ದಿಲ್ಲದೆ ಅವಕ್ಕೆ ಒಗ್ಗಿಕೊಂಡರು. 2020ರಲ್ಲಿ ಫೆಂಡರ್ ಸಂಸ್ಥೆ ತನ್ನ ಹೆಚ್ಚಿನ ಮಾದರಿಗಳಲ್ಲಿ ಆ್ಯಶ್ ಮರವನ್ನು ಕೈಬಿಟ್ಟಾಗಲೂ ಹೀಗೇ ಆಯಿತು. ರುಚಿ ಎಂದು ನಾವು ಭಾವಿಸುವುದರಲ್ಲಿ ಎಷ್ಟು ಪಾಲು ಬರೀ ರೂಢಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಕಂಡಿಲ್ಲ.

ಈಗ ನಿಮ್ಮ ತಂಡದ ಕಡೆ ತಿರುಗೋಣ, ಏಕೆಂದರೆ ನಿಮ್ಮ ಸದ್ಯದ ಕೆಲಸ ಅದು. ಬಿಳಿ ಐದು ಎಂದರೆ ಷಡ್ಜ ಜಿ ಸ್ವರದಲ್ಲಿದೆ. ನಾಲ್ಕು ತಂತಿಯ ಬೇಸಿನ ಅತಿ ಕೆಳಗಿನ ತಂತಿ ಇ, ಅಂದರೆ ಸುಮಾರು 41 ಹರ್ಟ್ಸ್. ಅದರ ಮೂರನೆಯ ಫ್ರೆಟ್ಟಿನಲ್ಲೇ ನಿಮ್ಮ ಷಡ್ಜ 49 ಹರ್ಟ್ಸಿನಲ್ಲಿ ಸಿಗುತ್ತದೆ. ಅದರ ಕೆಳಗಿನ ಪಂಚಮ 36.7 ಹರ್ಟ್ಸಿನ ಡಿ, ಅದೊಂದು ಮಾತ್ರ ಕೈಗೆಟುಕುವುದಿಲ್ಲ. ಅದಕ್ಕೆ ಐದನೆಯ ತಂತಿಯೇ ಬೇಕೆಂದಿಲ್ಲ. ಬಿರಡೆಯ ಜಾಗದಲ್ಲಿ ಸನ್ನೆಕೋಲಿನಿಂದ ಇ ತಂತಿಯನ್ನು ಡಿಗೆ ಇಳಿಸುವ ಸಣ್ಣ ಸಾಧನ ಹಾಕಿಸಿದರೆ ಸಾಕು, ಬಿಟ್ಟ ತಂತಿಯಲ್ಲೇ ಮಂದ್ರ ಪಂಚಮ ಮೊಳಗುತ್ತದೆ. ಆದರೆ ಇದೇ ಲೆಕ್ಕ ಬಿಳಿ ಒಂದು ಅಥವಾ ಕಪ್ಪು ಒಂದರಲ್ಲಿ ಹಾಡುವ ಗಾಯಕರ ಜೊತೆಗೆ ತಲೆಕೆಳಗಾಗುತ್ತದೆ. ಅಲ್ಲಿ ಕೆಳಗಿನ ಷಡ್ಜ 33ರಿಂದ 35 ಹರ್ಟ್ಸಿನ ಆಸುಪಾಸಿನಲ್ಲಿದ್ದು, ಐದು ತಂತಿಯ ವಾದ್ಯದಲ್ಲಿ ಮಾತ್ರ ಸಲೀಸಾಗಿ ಸಿಗುತ್ತದೆ. ಮುಂದೆ ಅಂಥವರ ಜೊತೆ ನುಡಿಸುವ ಸಾಧ್ಯತೆ ನಿಮಗಿದೆಯೇ ಎಂಬುದು ಎಷ್ಟು ತಂತಿ ಎಂಬ ಪ್ರಶ್ನೆಯನ್ನು ತೀರ್ಮಾನಿಸಬೇಕು. ಆರನೆಯ ತಂತಿ ಮೇಲಿನ ಸ್ಥಾಯಿಗೆ ಸೇರಿದ್ದು. ಗಾಯಕಿಯೂ ಪಿಟೀಲೂ ಆ ಜಾಗವನ್ನು ಈಗಾಗಲೇ ತುಂಬಿರುವ ತಂಡದಲ್ಲಿ ನೀವು ಅಲ್ಲಿಗೆ ಹೋಗದಿರುವುದೇ ಒಳ್ಳೆಯದು.

ಕರ್ನಾಟಕ ಸಂಗೀತದ ಜೊತೆ ನುಡಿಸುವವರಿಗೆ ಫ್ರೆಟ್ ಇಲ್ಲದ ಬೇಸಿನ ಆಸೆ ಹುಟ್ಟುವುದು ಸಹಜ, ಗಮಕದ ದಾರಿ ಅಲ್ಲಿ ತೆರೆದಿರುತ್ತದೆ. ತಂಬೂರಿಯ ನಾದದಲ್ಲಿ ತಾನಾಗಿ ಮೂಡುವ ಅಂತರ ಗಾಂಧಾರಕ್ಕೆ ಹೋಲಿಸಿದರೆ ಫ್ರೆಟ್ಟಿನ ಮೇಲಿನ ಗಾಂಧಾರ ಸುಮಾರು 14 ಸೆಂಟಿನಷ್ಟು (ಪಕ್ಕಪಕ್ಕದ ಎರಡು ಫ್ರೆಟ್ಟುಗಳ ಅಂತರ ನೂರು ಸೆಂಟು) ಏರಿರುತ್ತದೆ, ಅದನ್ನು ನಿಡಿದಾಗಿ ಹಿಡಿದರೆ ಕಿವಿಗೆ ಚುಚ್ಚುತ್ತದೆ ಎಂಬುದೂ ನಿಜ. ಜಾಕೋ ಪ್ಯಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸಿನ ಫ್ರೆಟ್ಟುಗಳನ್ನು ಕಿತ್ತು, ಒರಟು ತಂತಿ ಮರವನ್ನು ತಿನ್ನದಂತೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದು ನುಡಿಸಿದ ಮೇಲೆ ಈ ಆಸೆ ಹುಟ್ಟದ ಬೇಸ್ ವಾದಕ ಇಲ್ಲವೇನೋ. ಆದರೂ ಮೊದಲ ಕಸ್ಟಮ್ ವಾದ್ಯವಾಗಿ ಅದನ್ನು ಮಾಡಿಸಬೇಡಿ ಎಂಬುದು ನನ್ನ ಸಲಹೆ. ತಂಬೂರಿಯ ಎದುರು ಬೇಸಿನ ಮುಖ್ಯ ಕೆಲಸ ಷಡ್ಜ ಪಂಚಮಗಳನ್ನು ಅಲುಗದಂತೆ ಹಿಡಿಯುವುದು. ಕತ್ತಲ ವೇದಿಕೆಯಲ್ಲಿ, ಮಾನಿಟರ್ ಸರಿಯಿಲ್ಲದಾಗ, ಫ್ರೆಟ್ ಇಲ್ಲದ ವಾದ್ಯ ಅಲ್ಲೇ ಕೈಕೊಡುತ್ತದೆ. ಅಗ್ಗದ ಒಂದು ವಾದ್ಯದ ಫ್ರೆಟ್ ತೆಗೆಸಿ ಒಂದು ವರ್ಷ ಅಭ್ಯಾಸ ಮಾಡಿ, ಆ ರುಚಿ ಉಳಿದರೆ ಆಮೇಲೆ ನೋಡಬಹುದು.

ತಯಾರಕರ ಆಯ್ಕೆಯಲ್ಲಿ ನಾನು ಮೊದಲು ನೋಡುವುದು ಅವರು ಏನನ್ನು ಬೇಡವೆನ್ನುತ್ತಾರೆ ಎಂಬುದನ್ನು. ವೀಣೆಗೆ ಮೇಳ ಕಟ್ಟಿಸಲು, ಅಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಲು, ಹೋದವರಿಗೆ ಈ ಅನುಭವ ಇರುತ್ತದೆ. ಒಳ್ಳೆಯ ಕುಶಲಕರ್ಮಿ ಮೊದಲು ನುಡಿಸಿ ತೋರಿಸಿ ಎನ್ನುತ್ತಾರೆ, ಬೆರಳು ಎಲ್ಲಿ ಒತ್ತುತ್ತದೆ, ತಂತಿಯನ್ನು ಎಷ್ಟು ಎಳೆಯುತ್ತದೆ ಎಂದು ನೋಡಿದ ಮೇಲಷ್ಟೇ ಮೇಣಕ್ಕೆ ಕೈ ಹಾಕುತ್ತಾರೆ. ದೂರದ ತಯಾರಕರಿಂದ ಅದು ಸಾಧ್ಯವಿಲ್ಲವಾದ್ದರಿಂದ ನೀವು ನುಡಿಸುವ ವಿಡಿಯೋ, ಈಗಿನ ವಾದ್ಯದ ನೆಕ್ಕಿನ ಅಗಲ ಮತ್ತು ದಪ್ಪ, ತಂತಿಗಳ ಅಂತರ ಇವುಗಳನ್ನು ಕಳಿಸಿ. ಅವನ್ನು ನೋಡಿ ಮರುಪ್ರಶ್ನೆ ಕೇಳುವವರನ್ನು ನಂಬಿ. ಅವರ ಸಾಮಾನ್ಯ ಮಾದರಿಯೊಂದನ್ನು ಎಲ್ಲಾದರೂ ಕೈಯಲ್ಲಿ ಹಿಡಿದು ನುಡಿಸುವುದು ಮಾತ್ರ ಕಡ್ಡಾಯ. ಯಾರ ಸಾದಾ ವಾದ್ಯ ನಿಮ್ಮ ಕೈಗೆ ಹತ್ತು ನಿಮಿಷದಲ್ಲಿ ಹೊಂದುತ್ತದೋ ಅವರಿಂದ ಮಾಡಿಸುವ ವಾದ್ಯ ಹುಸಿಹೋಗುವುದು ಕಡಿಮೆ. ಯಾರ ಸಾದಾ ವಾದ್ಯ ಹಿಡಿಸಲಿಲ್ಲವೋ ಅವರು ನಿಮಗಾಗಿ ಬೇರೆಯದೇ ಮಾಡಿಕೊಡುತ್ತಾರೆಂದು ನಂಬುವುದು ಜೂಜು.

ಹೆಸರನ್ನು ಕೊಳ್ಳುವ ಮೊದಲು ಆ ಹೆಸರಿನ ಹಿಂದೆ ಈಗ ಯಾರ ಕೈ ಇದೆ ಎಂದೂ ವಿಚಾರಿಸಿ. ಟೊಬೈಯಸ್ ತಮ್ಮ ಮೊದಲ ಸಂಸ್ಥೆಯನ್ನು 1990ರಲ್ಲಿ ಗಿಬ್ಸನ್ನಿಗೆ ಮಾರಿ ಮುಂದೆ ಎಂಟಿಡಿ ಎಂಬ ಹೊಸ ಹೆಸರಿನಲ್ಲಿ ಕೆಲಸ ಆರಂಭಿಸಿದರು, ಹೀಗಾಗಿ ಹಳೆಯ ಹೆಸರು ಒಂದೆಡೆ, ಕೈ ಇನ್ನೊಂದೆಡೆ ಆಯಿತು. ವಾಲ್ ವಿಷಯದಲ್ಲಿ ಇದು ತಿರುವುಮುರುವು. ಸ್ಥಾಪಕ ಇಯನ್ ವಾಲರ್ 1988ರಲ್ಲಿ ತೀರಿಕೊಂಡ ಮೇಲೆ ಜೊತೆಗಾರ ಪೀಟ್ ಸ್ಟೀವನ್ಸ್, ಅವರ ನಂತರ ಪಾಲ್ ಹರ್ಮನ್ ಅದೇ ರೀತಿಯಲ್ಲಿ ಕೆಲಸ ಮುಂದುವರಿಸಿದ್ದರಿಂದ ಹೆಸರಿಗೂ ವಾದ್ಯಕ್ಕೂ ಅಂತರ ಬೀಳಲಿಲ್ಲ. ಸಡೌಸ್ಕಿ ಹೆಸರಿನ ಕೆಲವು ಶ್ರೇಣಿಗಳು 2020ರಲ್ಲಿ ಜರ್ಮನಿಯ ವಾರ್ವಿಕ್ ಸಂಸ್ಥೆಯಲ್ಲಿ ತಯಾರಾಗತೊಡಗಿದವು. ಅದು ದೋಷವಲ್ಲ, ಕೆಲವರಿಗೆ ಅನುಕೂಲವೇ, ಆದರೆ ಕೊಳ್ಳುವವರಿಗೆ ಅದು ಗೊತ್ತಿರಬೇಕು.

ಕಾಯುವ ಅವಧಿಯನ್ನು ಬೆಲೆಯಷ್ಟೇ ಗಂಭೀರವಾಗಿ ಪರಿಗಣಿಸಿ. ಎರಡು ವರ್ಷ ಕಾಯಬೇಕಾದ ವಾದ್ಯದಲ್ಲಿ ಈ ವರ್ಷದ ಮೋಹವನ್ನು ಬರೆಸಬೇಡಿ. ಹದಿನಾರು ವರ್ಷಗಳಲ್ಲಿ ನಿಮ್ಮ ಎಲ್ಲ ವಾದ್ಯಗಳಲ್ಲೂ ನೀವು ಬಯಸಿದ ಗುಣ ಯಾವುದು, ಅದು ಒಂದು ನೆಕ್ಕಿನ ಆಕಾರವೋ, ಹಗುರವೋ, ಬಲಗೈ ಇಡುವ ಜಾಗವೋ, ಅದನ್ನು ಮಾತ್ರ ಬರೆಸಿ.

ಆರ್ಡರ್ ಕೊಡುವ ಮೊದಲು ಮುಂದಿನ ಮೂರು ಕಾರ್ಯಕ್ರಮಗಳಿಗೆ ಗೆಳೆಯರಿಂದಲೋ ಬಾಡಿಗೆಗೋ ಒಂದು ಐದು ತಂತಿಯ ಬೇಸ್ ತಂದುಕೊಳ್ಳಿ. ಮೂರನ್ನೂ ಪೂರ್ತಿ ಧ್ವನಿಮುದ್ರಿಸಿ, ಮರುದಿನ ಕೂತು ಕೇಳುತ್ತ ಐದನೆಯ ತಂತಿಯನ್ನು ಎಷ್ಟು ಸಲ ಮುಟ್ಟಿದಿರಿ, ಅದರಲ್ಲಿ ಎಷ್ಟು ಸಲ ಪಂಚಮಕ್ಕಾಗಿ, ಎಷ್ಟು ಸಲ ಬರೀ ಕೈ ಇಡಲು ಎಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಪಂಚಮದ ಗುರುತುಗಳಷ್ಟೇ ಉಳಿದರೆ ನಾಲ್ಕು ತಂತಿಯ ಹಗುರ ವಾದ್ಯವೊಂದಕ್ಕೆ ಆ ಇಳಿಸುವ ಸನ್ನೆಕೋಲನ್ನು ಕೂರಿಸಿಕೊಡಲು ಕೇಳಿ. ಬೇರೆ ಸ್ವರಗಳ ಗುರುತುಗಳು ಪುಟ ತುಂಬಿದರೆ ಐದು ತಂತಿಗೆ 35 ಇಂಚು ಅಥವಾ ಅದಕ್ಕಿಂತ ಉದ್ದದ ಅಳತೆಯಲ್ಲಿ ಕೈಪಳಗಿದ ತಯಾರಕರಿಗೆ ಬರೆಯಿರಿ.